ಕಪ್ಪತಗುಡ್ಡಕ್ಕೆ ಹೆಸರು ಕಲಿಸಿದ್ದು

ದೆವ್ವ, ಗಾಳಿ ಎಂದು ಯಾರಾದರೂ ಬಾಯಿಬಿಟ್ಟರೆ ನಕ್ಕು ಮಾನ ಕಳೆಯುತ್ತಿದ್ದ ಮಾಸ್ತರ ನಾನು. ಈಗಲೂ ನಂಬುತ್ತೇನೆ ಎನ್ನಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ.

ಎಪ್ಪತ್ತರ ದಶಕದ ಕೊನೆಯ ಮಾತು. ಲಕ್ಷ್ಮೇಶ್ವರದಲ್ಲಿ ನನ್ನ ಜೊತೆ ಕಲಿಸುತ್ತಿದ್ದ ಗೆಳೆಯ ಶಂಕರನಿಗೆ, ಕಪ್ಪತಗುಡ್ಡದ ಗವಿಯೊಂದರಲ್ಲಿ ಚಿರತೆ ಮರಿ ಹಾಕಿದೆ ಎಂಬ ಖಬರು ಸಿಕ್ಕಿತು. ದೂರದಿಂದ ನೋಡಿ ಬರೋಣವೆಂದು ಒಂದು ರವಿವಾರ ಬೆಳಿಗ್ಗೆ ಹೋದೆವು. ದಾರಿ ತೋರಿಸಲು ಬಂದವನು ಹಿರೇವಡ್ಡಟ್ಟಿಯ ಕುರಿಗಾರ ಬೀರಪ್ಪ. ಗುಡ್ಡದ ಬುಡದಲ್ಲೇ ಆತ ಎಚ್ಚರಿಸಿದ: “ಮ್ಯಾಲೆ ಹೆಸರ ಹಿಡದು ಕೂಗಬ್ಯಾಡ್ರಿ ಮಾಸ್ತರ. ನಾವು ಬರೇ ಸಿಳ್ಳಿ ಹಾಕತೇವ್ರಿ.”

ದಿನಾ ಹಾಜರಿ ಕೂಗುವವರಿಗೆ ಆ ಮಾತು ಹಿಡಿಸೀತೇ? ಶಂಕರ ಬೇಕೆಂದೇ ನನ್ನ ಹೆಸರು ಕೂಗಿದ. ನಾನು “ಹಾಜರ್ ರೀ ಸರ” ಎಂದು ಅವನ ಹೆಸರು ಕೂಗಿದೆ. ದಾರಿಯುದ್ದಕ್ಕೂ ಇದೇ ಆಟ. ಬೀರಪ್ಪ ಮುಖ ಗಂಟಿಕ್ಕಿಕೊಂಡು ನಡೆದ.

ಗವಿ ಹತ್ತಿರವಾದಾಗ ಶಂಕರನನ್ನು ಒಂದು ಬಂಡೆಯ ಮರೆಗೆ ಕೂರಿಸಿ ಬೀರಪ್ಪ ಮೇಲೆ ನೋಡಲು ಹೋದ. ಕಾಲಿಗೆ ಮುಳ್ಳು ನೆಟ್ಟಿದ್ದರಿಂದ ನಾನು ಕೆಳಗೆ ಹಳ್ಳದಲ್ಲೇ ಉಳಿದೆ. ಆಗ ಚಿರತೆಯ ಗರ್ಜನೆ ಕೇಳಿತು. ಹಿಂದೆಯೇ ಶಂಕರನ ಚೀರಾಟ, ಅದೂ ಅರ್ಧಕ್ಕೆ ನಿಂತಿತು. ಮೇಲೆ ಹೋಗಲೋ ಬೇಡವೋ ಎಂದು ನಿಂತಿದ್ದಾಗ ನನ್ನ ಹೆಸರು ಹಿಡಿದು ಅವನದೇ ದನಿ ಬಂತು: “ಲೇ, ನಾ ಪಾರಾಗೇನಿ. ನೀ ಜಲ್ದಿ ಕೆಳಗ ಹೋಗು.”

ನಾನು ಓಡಿದೆ.

ಹೊಲದಲ್ಲಿದ್ದವರನ್ನು ಕರೆದುಕೊಂಡು ಬರುವಷ್ಟರಲ್ಲಿ ಬೀರಪ್ಪ ಶಂಕರನನ್ನು ಕಂಬಳಿಯಲ್ಲಿ ಸುತ್ತಿ ಹೊತ್ತು ಇಳಿಯುತ್ತಿದ್ದ. ಚಿರತೆಯ ತಲೆ ಸೀಳಿದ ಆತನ ಕೊಡಲಿ ಕಾವಿನವರೆಗೂ ಕೆಂಪಾಗಿತ್ತು. ಶಂಕರನ ಕೆಳದವಡೆ ಜೋತಾಡುತ್ತಿತ್ತು, ಹೆಗಲ ಎಲುಬು ಬೆಳ್ಳಗೆ ಕಾಣುತ್ತಿತ್ತು. ಅವನೇ ಕೂಗಿ ನನ್ನನ್ನು ಕಳಿಸಿದ ಎಂದೆ.

“ಹೆಂಗ ಕೂಗ್ಯಾರ್ರಿ? ಮೊದಲನೇ ಏಟಿಗೇ ದವಡಿ ಕಿತ್ತೈತಿ, ನಾ ಕಂಡೇನಿ,” ಎಂದ ಬೀರಪ್ಪ. “ಗುಡ್ಡಕ್ಕ ಹೆಸರ ಕಲಿಸಿದ್ರಿ ನೀವು.”

ನಾನು ಹಾಗೆ ತಿಳಿಯಲಿಲ್ಲ. ನನ್ನ ಪುಕ್ಕಲುತನವೇ ಆ ದನಿಯನ್ನು ಹುಟ್ಟಿಸಿತೆಂದು ನಾಚಿ ಸತ್ತೆ. ಗದಗಿನ ದವಾಖಾನೆಯಲ್ಲಿ ಶಂಕರ ಪೆನ್ಸಿಲ್ ಹಿಡಿಯುವಂತಾದ ದಿನ, “ನಿನ್ನ ಬಿಟ್ಟು ಓಡಿದೆನೋ, ನನ್ನ ಮಾಫ್ ಮಾಡು” ಎಂದು ಅತ್ತೆ. ಅವನು ನನ್ನ ಕೈ ಒತ್ತಿ, ಪಾಟಿಯ ಮೇಲೆ ನಿಧಾನವಾಗಿ ಬರೆದ: “ನೀ ಉಳದಿಯಲ್ಲಾ, ಸಾಕು. ಗವಿಯೊಳಗಿಂದ ನೀ ನನ್ನ ಹೆಸರ ಹಿಡದು ಕೂಗಿದಿ. ನಿನ್ನ ಬಿಡಸಾಕ ಒಳಗ ಹೋದೆ.”

ನಾನು ಹಳ್ಳ ಬಿಟ್ಟು ಮೇಲೆ ಹೋಗಿರಲೇ ಇಲ್ಲ, ಬಾಯಿ ತೆರೆದಿರಲಿಲ್ಲ. ಅವನನ್ನು ಯಾರು ಕರೆದರೋ ಇಂದಿಗೂ ನನಗೆ ತಿಳಿಯದು. ನಾನಲ್ಲ ಎಂದು ಅವನಿಗೆ ಹೇಳುವ ಧೈರ್ಯವೂ ಬಂದಿಲ್ಲ.