ತೊಟ್ಟಿಲ ಬಳಿಯ ಎಣಿಕೆ

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಪ್ರಯೋಗಾಲಯದಲ್ಲಿ ಆ ವಿಜ್ಞಾನಿ ಸೀಸದ ಪೆಟ್ಟಿಗೆಯ ಮುಚ್ಚಳ ಹಾಕಲು ಹೋಗಿ ಹಾಗೆಯೇ ನಿಂತರು. ಆರು ಕುಳಿಗಳಿದ್ದವು, ಐದರಲ್ಲಿ ಮಾತ್ರ ರೇಡಿಯಂ ನಳಿಗೆಗಳಿದ್ದವು. ಒಂದೊಂದೂ ಅರ್ಧ ಬೆಂಕಿಕಡ್ಡಿಯಷ್ಟು ಉದ್ದ. ಒಳಗಿನ ಪುಡಿ ಕಣ್ಣಿಗೆ ಕಾಣದ ಕಿರಣಗಳನ್ನು ಸೂಸುತ್ತದೆ.

ಪರಮಾಣುವಿನ ಒಡಲಿನಿಂದ ಹೊರಡುವ ಈ ಕಿರಣಗಳನ್ನು ನಮ್ಮಲ್ಲಿ ಮೊದಲು ಅಳೆದವರು ಅವರೇ. ಹಿತ್ತಾಳೆಯ ಕೊಳವೆ, ಕೂದಲೆಳೆಯಂಥ ತಂತಿ, ಹಳೆಯ ರೇಡಿಯೊದ ಬಿಡಿಭಾಗಗಳನ್ನು ಸೇರಿಸಿ ಎಣಿಕೆಯ ಯಂತ್ರ ಕಟ್ಟಿದ್ದರು. ಕಿರಣ ತಾಗಿದರೆ ಟಿಕ್ ಎನ್ನುತ್ತಿತ್ತು. ಎಷ್ಟು ದಪ್ಪದ ಸೀಸ ಕಿರಣಗಳನ್ನು ಅರ್ಧಕ್ಕೆ ಇಳಿಸುತ್ತದೆ ಎಂದು ನೋಡಿ ಅವು ಯಾವ ಧಾತುವಿನವು ಎಂದು ಹೇಳುವ ಅವರ ವಿಧಾನ ಪಠ್ಯಪುಸ್ತಕಕ್ಕೂ ಬಂತು. ಬೀದಿಯ ಮಕ್ಕಳಿಗೆ ಮಾತ್ರ ಅವರು ಟಿಕ್‌ಟಿಕ್ ದೊಡ್ಡಮ್ಮ.

ಯಂತ್ರ ಹಿಡಿದು ಹುಡುಕಲು ಹೊರಟರು. ಮೇಜಿನ ಬಳಿ ಅದು ಎಡೆಬಿಡದೆ ಬಡಿದುಕೊಂಡಿತು. ಕಸದ ಬುಟ್ಟಿಯ ಬಳಿಯೂ ಅಷ್ಟೇ, ಮೆಟ್ಟಿಲ ಮೇಲೂ ಅಷ್ಟೇ. ನಳಿಗೆ ಒಡೆದು ಪುಡಿ ಎಲ್ಲೆಡೆ ಹರಡಿದೆ ಎಂದುಕೊಂಡರು. ಮಧ್ಯಾಹ್ನ ತಂಗಿಯ ಮನೆಗೆ ಊಟಕ್ಕೆ ಹೋದಾಗ, ಎಂದಿನಂತೆ ಪ್ರಯೋಗಾಲಯದ ಕೋಟಿನಲ್ಲೇ ಅವಳ ನಾಲ್ಕು ತಿಂಗಳ ಹೆಣ್ಣುಮಗುವನ್ನು ಎತ್ತಿಕೊಂಡಿದ್ದರು. ಅದು ನೆನಪಾದದ್ದೇ ಯಂತ್ರದೊಂದಿಗೆ ತಂಗಿಯ ಮನೆಗೆ ಓಡಿದರು. ಪುಡಿ ಮಗುವಿನ ಬಾಯಿಗೆ ಹೋಗಿದ್ದರೆ?

ತೊಟ್ಟಿಲ ಬಳಿಯೂ ಯಂತ್ರ ಹಾಗೆಯೇ ಬಡಿದುಕೊಂಡಿತು. ಅವರು ತೊದಲುತ್ತ ವಿಷಯ ಹೇಳಿದರು. ಹೆದರಿದರೂ ತಂಗಿ ಗದರಿಸಿದಳು.

"ಅದು ಬಡ್ಕೊಳ್ಳೋದು ಸಾಲದು ಅಂತ ನೀನೂ ಬಡ್ಕೋಬೇಡ. ಇಲ್ಲಿಟ್ಟು ಮುಖ ತೊಳ್ಕೊಂಡು ಬಾರಕ್ಕ, ಆಮೇಲೆ ಯೋಚನೆ ಮಾಡೋಣ."

ಯಂತ್ರವನ್ನು ನೆಲದ ಮೇಲಿಟ್ಟು ಬಚ್ಚಲಿನತ್ತ ನಡೆದರು. ಬೆನ್ನ ಹಿಂದೆ ಟಿಕ್‌ಟಿಕ್ ವಿರಳವಾಯಿತು. ಎರಡು ಹೆಜ್ಜೆ ಮರಳಿದರೆ ಮತ್ತೆ ಚುರುಕಾಯಿತು. ಕೋಟಿನ ತೋಳಿನ ಮಡಿಕೆ ಬಿಚ್ಚಿದರು, ನಳಿಗೆ ಅಲ್ಲಿತ್ತು.

"ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲಾ ಹುಡುಕಿದ್ಯಲ್ಲೇ ಅಕ್ಕ" ಎಂದಳು ತಂಗಿ. ಇಬ್ಬರಿಗೂ ನಗು ಬರಲಿಲ್ಲ. ನಳಿಗೆಯಲ್ಲಿ ಸಣ್ಣ ಬಿರುಕಿದ್ದರೂ ಸಾಕು, ಪುಡಿ ಸೋರಿರಬಹುದು.

ನಳಿಗೆಯನ್ನೂ ಕೋಟನ್ನೂ ಪ್ರಯೋಗಾಲಯದಲ್ಲಿ ಭದ್ರಪಡಿಸಿ, ಕೈ ತೊಳೆದು ಅವರು ಮತ್ತೆ ಬಂದರು. ಬರಿಯ ಬಯಲಿನಲ್ಲೂ ಯಂತ್ರ ನಿಮಿಷಕ್ಕೆ ಹದಿನೇಳರ ಆಸುಪಾಸು ಎಣಿಸುತ್ತದೆ, ಅದಕ್ಕಿಂತ ತೀರಾ ಹೆಚ್ಚಾದರೆ ಮಾತ್ರ ಸೋರಿದೆ ಎಂದರ್ಥ ಎಂದು ತಂಗಿಗೆ ವಿವರಿಸಿದರು.

ಹುಡುಕುವ ಮೊದಲು ಯಂತ್ರವನ್ನು ಇನ್ನೊಬ್ಬರ ಕೈಗೆ ಕೊಟ್ಟು ದೂರ ನಿಲ್ಲಬೇಕು ಎಂಬ ನಿಯಮವನ್ನು ಮುಂದೆ ಅವರು ಎಲ್ಲ ಪ್ರಯೋಗಾಲಯಗಳಿಗೂ ಕಲಿಸಿದರು. ನಳಿಗೆ ತಾಗಿಕೊಂಡಿದ್ದ ಅವರ ಮಣಿಕಟ್ಟಿನ ಮೇಲೆ ನಾಣ್ಯದಷ್ಟು ಕೆಂಪು ಕಲೆ ಉಳಿಯಿತು. ಮಧ್ಯಾಹ್ನ ಎತ್ತಿಕೊಂಡಿದ್ದ ಹತ್ತು ನಿಮಿಷ ಮಗುವಿಗೆ ಏನೂ ಮಾಡದು ಎಂದು ಲೆಕ್ಕ ಹೇಳುತ್ತಿತ್ತು. ಆದರೂ ಆ ಹುಡುಗಿಗೆ ನೆಗಡಿಯಾದರೆ ಸಾಕು, ಅವರಿಗೆ ನಿದ್ದೆ ಇರುತ್ತಿರಲಿಲ್ಲ.

ಆ ಸಂಜೆ ಮಗುವಿನ ಬಾಯಿಯ ಹತ್ತಿರ ಕೊಳವೆ ಹಿಡಿದು, ಗಡಿಯಾರದ ಮುಳ್ಳು ಒಂದು ಸುತ್ತು ಮುಗಿಸುವವರೆಗೆ ಎಣಿಸಿದರು. ಎಷ್ಟು ಎಂದಳು ತಂಗಿ.

"ಹದಿನಾರು."