ಕಡಿಯೋ ಬಿಯರ್

ಊರಿಂದ ಒಂದು ಕಾಗದ ಬರಲು ತಿಂಗಳು ಹಿಡಿಯುತ್ತಿದ್ದ ದಿನಗಳು ಅವು. ಅಪ್ಪ ಜಾಂಬಿಯಾದ ಗ್ವೆಂಬೆ ಕಣಿವೆಯ ಮಿಷನ್ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ನಾನು ಅಲ್ಲೇ ಸಿಸ್ಟರುಗಳ ಬಳಿ ಮೂರನೆಯ ತರಗತಿ. ಗುಡ್ಡದ ಕಲ್ಲುದಾರಿ ಇಳಿದರೆ ಸುಡುವ ಬಿಸಿಲು, ಬೂದಿಬಣ್ಣದ ದಪ್ಪ ಬಾವೊಬಾಬ್ ಮರಗಳು, ಇನ್ನೂ ಕೆಳಗೆ ಅಣೆಕಟ್ಟಿನ ನೀರು.

"ನಮ್ಮ ಹಳೇ ಊರು ಅದರಡಿ ಅದೆ," ಎನ್ನುತ್ತಿದ್ದರು ಪಕ್ಕದ ಮನೆಯ ಬೀನಾ ಮುತಿಂತಾ. ನೀರು ಏರಿ ಎಲ್ಲರೂ ಮೇಲೆ ಬಂದಾಗ ಅವರ ಅತ್ತೆ ಮಡಕೆಯಲ್ಲಿ ಹೊತ್ತು ತಂದದ್ದು ಬಿಳಿಜೋಳದ ಬೀಜವಂತೆ. ಬೀನಾ ಎಂದರೆ ಅವ್ವ. ಅಲ್ಲಿ ಹೆಂಗಸರನ್ನು ಮಕ್ಕಳ ಹೆಸರು ಹಿಡಿದು ಕರೆಯುವುದು. ಧಾರವಾಡದ ನಮ್ಮವ್ವ ಅಲ್ಲಿ ಬೀನಾ ಸುಮಾ.

ಅವ್ವ ರೊಟ್ಟಿ ತಿಂದು ವರ್ಷವಾಗಿತ್ತು. "ಒಂದ್ ಬುಟ್ಟಿ ಜ್ವಾಳ ಕೇಳ ಸುಮಿ, ನಿನಗ ಅವರ ಮಾತು ಬರ್ತಾವಲ್ಲ," ಎಂದಳು. ಜಂಭದಿಂದ ಕೇಳಿದೆ. ಬೀನಾ ಮುತಿಂತಾ ತಿರುಗಿ ಏನೋ ಕೇಳಿದರು. ಒಂದು ಪದ ತಿಳಿಯಲಿಲ್ಲ. ಹಾಗೆನ್ನಲು ನಾಚಿಕೆ. ಹೂಂ ಎಂದುಬಿಟ್ಟೆ. ಅವರು ನಕ್ಕು ಎರಡು ಬುಟ್ಟಿ ಕೊಟ್ಟರು.

ಆ ಪದಕ್ಕೆ ಬಿಯರ್ ಎಂದರ್ಥ. ಅಲ್ಲಿಯವರು ಜೋಳದಿಂದ ಬಿಯರ್ ಕಾಯಿಸುತ್ತಿದ್ದರು. ಶನಿವಾರ ಬೆಳಿಗ್ಗೆ ಸೋರೆಬುರುಡೆಯ ಬಟ್ಟಲು ಹಿಡಿದ ಐದಾರು ಮುದುಕರು ನಮ್ಮ ಅಂಗಳದಲ್ಲಿ ಕೂತಿದ್ದರು. ಹಿಂದೆಯೇ ಹೆಡ್ ಸಿಸ್ಟರ್ ಬಂದರು.

"ಮಿಷನ್ ಮನೆಯಲ್ಲಿ ಬಿಯರ್ ಕಾಯಿಸುವವರಿಗೆ ಇಲ್ಲಿ ಕೆಲಸವಿಲ್ಲ, ಮಾಸ್ಟರ್," ಎಂದರು ಮೆಲ್ಲಗೆ.

ನಾನು ಅಳುತ್ತ ನನ್ನ ಹೂಂ ಒಪ್ಪಿಕೊಂಡೆ.

ಅವ್ವ ಬೈಯಲಿಲ್ಲ. "ಒಲಿ ಹೊರಗ ತೊಗೊಂಬರ್ರಿ," ಎಂದಳು ಅಪ್ಪನಿಗೆ. ಕುಟ್ಟಿ, ಜರಡಿ ಹಿಡಿದಿಟ್ಟಿದ್ದ ಹಿಟ್ಟನ್ನು ಎಲ್ಲರೆದುರು ನಾದಿ ತಟ್ಟತೊಡಗಿದಳು. ಪಟಪಟ ಸದ್ದಿಗೆ ಬೇಲಿಯಾಚೆಯ ಹೆಂಗಸರೂ ಬಂದು ಆ ತಾಳಕ್ಕೆ ಚಪ್ಪಾಳೆ ಸೇರಿಸಿದರು. ಸಿಸ್ಟರ್ ಬಿಸಿ ರೊಟ್ಟಿಯ ಚೂರೊಂದು ಬಾಯಿಗಿಟ್ಟರು, ಇನ್ನೊಂದು ಮುರಿದರು. ಒಬ್ಬ ಮುದುಕ ಖಾಲಿ ಬಟ್ಟಲನ್ನೇ ನೋಡುತ್ತಿದ್ದ. ಬೀನಾ ಮುತಿಂತಾ ಅಗಿಯುತ್ತ ಏನೋ ಅಂದರು. ಎಲ್ಲರೂ ನಕ್ಕರು, ಸಿಸ್ಟರೂ.

"ಏನಂತ?"

"ಇದು ಕುಡಿಯೋ ಬಿಯರ್ ಅಲ್ಲಂತವ್ವಾ, ಕಡಿಯೋ ಬಿಯರ್ ಅಂತ."

ಅಪ್ಪನ ಕೆಲಸ ಉಳಿಯಿತು. ಅಂದಿನಿಂದ ತಟ್ಟುವ ಸದ್ದು ಕೇಳಿದರೆ ಸಾಕು, ಯಾರಾದರೂ ಬಂದು ಕೂರುತ್ತಿದ್ದರು.

ಈಗ ನಾನಿರುವುದು ಮತ್ತೊಂದು ಪರದೇಶ. ಇಲ್ಲಿ ಕ್ರೇಗಿಬರ್ನ್‌ನಲ್ಲಿ ಜೋಳದ ಹಿಟ್ಟು ಪ್ಯಾಕೆಟ್‌ನಲ್ಲೇ ಸಿಗುತ್ತದೆ. ಅವ್ವ ಇಲ್ಲ. ಶನಿವಾರ ಸೊಂಟ ಹಿಡಿದುಕೊಂಡೇ ಕಿಚನ್ ಬೆಂಚಿನ ಮುಂದೆ ನಿಲ್ಲುತ್ತೇನೆ. ನಾಲ್ಕು ಸಲ ತಟ್ಟುವಷ್ಟರಲ್ಲಿ ಮಗಳ ದನಿ: "ಮಮ್, ಪ್ಲೀಸ್, ಐಯಾಮ್ ಆನ್ ಎ ಕಾಲ್."

"ಆತವ್ವಾ," ಎಂದು ಲಟ್ಟಣಿಗೆ ತೆಗೆಯುತ್ತೇನೆ. ಲಟ್ಟಿಸಿದ ರೊಟ್ಟಿಯೂ ಉಬ್ಬುತ್ತದೆ. ಎಂಟು ವರ್ಷವಾಯಿತು ಈ ಮನೆಗೆ. ಬೇಲಿಯಾಚೆಯವರಿಗೆ ನನ್ನ ಹೆಸರೂ ಗೊತ್ತಿಲ್ಲ, ಮಗಳ ಹೆಸರೂ ಗೊತ್ತಿಲ್ಲ. ಬಟ್ಟಲು ಹಿಡಿದು, ತಪ್ಪು ತಿಳಿದಾದರೂ, ಯಾರೂ ಬರುವುದಿಲ್ಲ.