ಬುಡದಿಂದ ಕೀಳದ ಅಣಬೆ

ಓದಿ ನಗುವವರು ನಗಲಿ. ಹಾಲಾಡಿ ಹತ್ತಿರದ ನಮ್ಮ ಹಾಡಿಯಲ್ಲಿ, ಅಂದರೆ ಊರಂಚಿನ ಸಣ್ಣ ಕಾಡಿನಲ್ಲಿ, ನನಗೇ ಆದದ್ದನ್ನು ಹೇಳುತ್ತಿದ್ದೇನೆ, ಒಂದಕ್ಷರವೂ ಸೇರಿಸಿಲ್ಲ.

೨೦೦೩ರ ಮಳೆಗಾಲವಿರಬೇಕು. ಹೆಂಡತಿ ಸುಮತಿ ಐದು ತಿಂಗಳ ಬಸುರಿ, ಅಣಬೆ ತಿನ್ನುವ ಬಯಕೆ ಅವಳಿಗೆ. ಎರಡು ದಿನ ಚೆನ್ನಾಗಿ ಗುಡುಗಿತ್ತು, ಹಾಡಿಯೊಳಗಿನ ದೊಡ್ಡ ಹುತ್ತದ ಸುತ್ತ ಅಣಬೆ ಎದ್ದೇ ಇರುತ್ತದೆ. ಆದರೆ ಆ ಹುತ್ತ ಪಕ್ಕದ ಮನೆ ಗಿರಿಜಕ್ಕನಿಗೂ ಗೊತ್ತು. ಎಲೆಅಡಿಕೆ ಜಗಿಯುತ್ತಾ ಪ್ರತಿ ವರ್ಷ ನನಗಿಂತ ಮೊದಲೇ ಬಾಚಿಕೊಂಡು ಹೋಗುವ ಹೆಂಗಸು ಆಕೆ. ಈ ಸಲ ಬಿಡುವುದಿಲ್ಲ ಅಂತ, ನನ್ನ ಸೈಕಲ್ ಅಂಗಡಿ ಬಾಗಿಲು ಹಾಕಿದವನೇ ಕತ್ತಲಲ್ಲಿ ಟಾರ್ಚ್ ಹಿಡಿದು ಹಾಡಿಗೆ ನುಗ್ಗಿದೆ.

ಎದ್ದಿತ್ತು... ಹುತ್ತದ ಸುತ್ತ ಬೆಳ್ಳಗೆ, ರಾಶಿ. ನಮ್ಮ ಮನೆಯಲ್ಲಿ ಅಣಬೆಯನ್ನು ಬುಡಸಮೇತ ಕೀಳುವುದಿಲ್ಲ. ಕಿತ್ತರೆ ಮುಂದಿನ ವರ್ಷ ಏಳುವುದಿಲ್ಲ ಎನ್ನುತ್ತಾರೆ. ನೆಲದ ಮಟ್ಟಕ್ಕೆ ಚಿವುಟುತ್ತಾ ಹೋದೆ.

ಹಿಂದೆ ತರಗೆಲೆಯ ಸದ್ದು. ನಾನು ನಿಂತರೆ ಅದೂ ನಿಂತಿತು. ಒದ್ದೆ ಮಣ್ಣಿನ ವಾಸನೆಯ ನಡುವೆ ಎಲೆಅಡಿಕೆಯ ವಾಸನೆ...

"ತಮ್ಮಾ, ಒಂದನ್ನಾರೂ ಬುಡದಿಂದ ಕಿತ್ ಕಾಣ್. ಬೇರ್ ಇತ್ತಾ?"

ಗಿರಿಜಕ್ಕನದೇ ದನಿ. ಟಾರ್ಚ್ ತಿರುಗಿಸಿದೆ, ಯಾರೂ ಕಾಣಲಿಲ್ಲ. ನನ್ನನ್ನು ಹೆದರಿಸಿ ಓಡಿಸುವ ಉಪಾಯ ಇದು ಅಂತ ಮೈಯೆಲ್ಲ ಉರಿಯಿತು. ಕಳ್ಳಿ ಎಂದೆ, ಬಾಯಿಗೆ ಬಂದದ್ದೆಲ್ಲ ಬೈದೆ. ಚಿವುಟಿದ್ದಷ್ಟನ್ನು ಕಟ್ಟಿಕೊಂಡು ಮನೆಗೆ ಬಂದೆ.

ಬೈದದ್ದನ್ನು ಮನೆಯಲ್ಲಿ ಬಾಯಿಬಿಡಲಿಲ್ಲ. ಗಿರಿಜಕ್ಕ ಹಾಡಿಯಲ್ಲಿದ್ದಳು ಅಂತಷ್ಟೇ ಹೇಳಿದೆ. ಒಲೆಯ ಮೇಲೆ ಪಾತ್ರೆ ಇಡುತ್ತಿದ್ದ ಸುಮತಿ ತಿರುಗಿ ನೋಡಿದಳು.

"ಗಿರಿಜಕ್ಕ ಊರಂಗೇ ಇಲ್ಲ. ಕಿರಿಮಂಜೇಶ್ವರಕ್ಕೆ ಮಗಳ್ ಮನಿಗ್ ಹೋಯಿ ನಾಕ್ ದಿನ ಆಯ್ತ್."

ನಾನು ಒಲೆಯ ಮೇಲಿನ ಪಾತ್ರೆ ಇಳಿಸಿದೆ. ಅಣಬೆ ಮುಟ್ಟಬೇಡ ಅಂದೆ. ಬೆಳಕು ಹರಿದ ಮೇಲೆ ಹೋಗಿ, ಉಳಿದಿದ್ದ ಒಂದನ್ನು ಮಣ್ಣು ಬಗೆದು ಕಿತ್ತೆ. ಹುತ್ತದ ಅಣಬೆಗೆ ಆಳಕ್ಕಿಳಿಯುವ ಉದ್ದ ಬೇರಿರಬೇಕು. ಇದಕ್ಕಿರಲಿಲ್ಲ. ಬುಡದಲ್ಲಿ ಒಡೆದ ಮೊಟ್ಟೆಯಂಥ ಚೀಲವಿತ್ತು. ವಿಷದ್ದು. ಸುಮತಿ, ಅವಳ ಹೊಟ್ಟೆಯ ಕೂಸು... ಅಲ್ಲೇ ಕುಕ್ಕರಿಸಿ ಅತ್ತುಬಿಟ್ಟೆ.

ಆದರೂ ಸಂಶಯ ಬಿಡಬೇಕಲ್ಲ. ಗಿರಿಜಕ್ಕನ ಮಗಳ ಮನೆಗೆ ಫೋನ್ ಮಾಡಿ ವಿಚಾರಿಸಿದೆ. ಆ ರಾತ್ರಿ ಅಮ್ಮ ಇಲ್ಲೇ ಇದ್ದಳು, ಬೇಗ ಮಲಗಿದ್ದಳು ಅಂದಳು ಮಗಳು.

ವಾರ ಬಿಟ್ಟು ಗಿರಿಜಕ್ಕ ಬಂದಳು. ನಾನು ಮಾತೆತ್ತುವ ಮೊದಲೇ ಬೇಲಿಯ ಆಚೆ ನಿಂತು ಆಕೆಯೇ ಮೆಲ್ಲಗೆ ಕೇಳಿದಳು.

"ಅವತ್ ರಾತ್ರಿ ನಂಗೆ ಎಂತಕ್ ಹಾಂಗ್ ಬೈದೆ, ತಮ್ಮಾ?"

ಇವತ್ತಿಗೂ ಆಕೆಯ ಮನೆ ಮುಂದೆ ಬಂದಾಗ ಸೈಕಲ್ ಜೋರಾಗಿ ತುಳಿಯುತ್ತೇನೆ.